ಕೊಡಚಾದ್ರಿಯ ಹನ್ನೊಂದನೇ ಸ್ಲೈಡು

ಬಲ್ಬಿನ ಮೇಲೆ ಕೂತ ಧೂಳು ಸುಡುವ ವಾಸನೆ, ಹಿಂದುಗಡೆ ಮೇಜಿನ ಮೇಲಿಟ್ಟ ಸ್ಲೈಡ್ ಪ್ರೊಜೆಕ್ಟರಿನದೇ ಇರಬೇಕು, ಯಾರೋ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದರು, ರಾಜಾಜಿನಗರದ ಸಂಜೆ ಬೆಳಕು ಸಭೆಯ ಹಾಲ್‌ನಿಂದ ಹೊರಗೆ ಹೋಯಿತು, ಗೋಡೆಗೆ ಮೊಳೆ ಹೊಡೆದು ಬಿಗಿದಿದ್ದ ಬಿಳಿ ದುಪ್ಪಟಿಯ ಮೇಲೆ ಚೌಕಾಕಾರದ ಬೆಳಕು ಬಿತ್ತು – ಬರಬಾರದಿತ್ತು, ಅಂದುಕೊಂಡಳು ಪಂಕಜಾ, ಮೂರನೇ ಸಾಲಿನ ಕಬ್ಬಿಣದ ಕುರ್ಚಿ ತೊಡೆಗೆ ತಣ್ಣಗೆ ತಾಗುತ್ತಿದೆ, ಇಲ್ಲ, ಬರಲೇಬೇಕಿತ್ತು, ಹದಿನೈದು ತಿಂಗಳು ಕಾದಿದ್ದು ಈ ಒಂದು ಸಂಜೆಗೆ. ಅಗೋ ಎದ್ದು ನಿಂತ, ಚಕ್ರಪಾಣಿ, ಸೈಕಲ್ ಸಂಘದ ಕಾರ್ಯದರ್ಶಿ, ಬ್ಯಾಂಕಿನ ಆಫೀಸರು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೈಯಲ್ಲಿ ಬೆತ್ತ. ನಮಸ್ಕಾರ, ನಾವು ಸೈಕಲ್ಲನ್ನ ಬಸ್ಸಿನ ಮೇಲೆ ಕಟ್ಟಿಸಿ ಕುಂದಾಪುರಕ್ಕೆ ಹೋದ ಕಥೆ ಇದು, ಅಲ್ಲಿಂದ ಕೊಡಚಾದ್ರಿ ತುದಿ ತನಕ – ಎಂಥ ಗಂಟಲು ನೋಡು, ಬೆಣ್ಣೆ ಸವರಿದ ಹಾಗೆ, ಇದೇ ಗಂಟಲು ಅವತ್ತು ಅಮ್ಮಾ ಅಮ್ಮಾ ಅಂತ ಕಿರುಚಿದ್ದು ಇಲ್ಲಿ ಕೂತಿರೋ ನೂರು ಜನರಲ್ಲಿ ಯಾರಿಗೆ ಗೊತ್ತು. ಅವಳಿಗೆ ಗೊತ್ತು, ಅವತ್ತು ಜೊತೆಗಿದ್ದು ಈಗ ಪ್ರೊಜೆಕ್ಟರಿನ ಪಕ್ಕ ತಲೆ ತಗ್ಗಿಸಿ ನಿಂತಿರೋ ನಾಗರಾಜುಗೆ ಗೊತ್ತು. ಟಕ್. ಮೊದಲನೇ ಸ್ಲೈಡು, ಕುಂದಾಪುರದ ಕಡಲು.

ಕಡಲು ಅವಳು ಮೊದಲ ಸಲ ನೋಡಿದ್ದು ಅಲ್ಲೇ, ಮೂವತ್ತೊಂದು ವರ್ಷಕ್ಕೆ, ಡ್ರಿಲ್ ಟೀಚರ್ ಪಂಕಜಾ, ಎರಡು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಮರಳಿನ ಮೇಲೆ ಓಡಿದ್ದಳು, ತಿರುಗಿ ನೋಡಿದರೆ ಪೂರ್ವಕ್ಕೆ ದೂರದಲ್ಲಿ ನೀಲಿಯಾಗಿ ಬೆಟ್ಟದ ಸಾಲು, ಅದೇ ನೋಡಿ ಕೊಡಚಾದ್ರಿ ಅಂತ ನಾಗರಾಜು ಬೆರಳು ಮಾಡಿ ತೋರಿಸಿದ್ದ. ಟಕ್, ಕೊಲ್ಲೂರಿನ ದಾರಿ, ಎರಡು ಸೈಕಲ್ಲು ಮಾತ್ರ, ಅವಳ ಸೈಕಲ್ಲನ್ನ ಫೋಟೋದಿಂದ ಆಚೆ ಇಟ್ಟಿದಾನೆ, ಅಥವಾ ಅದಿರೋ ಸ್ಲೈಡನ್ನೇ ತಂದಿಲ್ಲ. ಆ ಸೈಕಲ್ಲಿಗಾಗಿ ಅವಳು ಎಷ್ಟು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಮಾಗಡಿ ರಸ್ತೆಯಲ್ಲಿ ತುಳಿದಿದ್ದಳು, ಬ್ಯಾಡರಹಳ್ಳಿ ದಾಟಿದ ಮೇಲಿನ ಏರಿನಲ್ಲಿ ತೊಡೆ ಉರಿದು ಕಣ್ಣಲ್ಲಿ ನೀರು ಬರೋದು, ಹಾಲಿನವರು ಕ್ಯಾನು ನೇತುಹಾಕಿಕೊಂಡು ಎದುರಿಗೆ ಬರ್ತಾ ನಗೋರು, ಏನಮ್ಮಾ, ಗಂಡನ ಮನೆಯಿಂದ ಓಡಿ ಬಂದ್ಯಾ – ನಗಲಿ, ಸಾವನದುರ್ಗದ ಬಂಡೆ ಕೈಗೆ ತಾಗೋ ತನಕ ಬಾಯಿ ಬಿಡೋದಿಲ್ಲ ಅಂತ ಹಲ್ಲು ಕಚ್ಚಿ ತುಳಿಯೋಳು. ಹನ್ನೆರಡು ಸಲ ಸಾವನದುರ್ಗ ಹತ್ತಿದ ಮೇಲೆ ಚಕ್ರಪಾಣಿನೇ ಬಂದು ಕೇಳಿದ್ದು, ಬನ್ನಿ ಪಂಕಜಾ ಅವ್ರೇ, ಕೊಡಚಾದ್ರಿಗೆ ನೀವೂ ಬರಬೇಕು, ಸಂಘಕ್ಕೇ ಒಂದು ಹೆಮ್ಮೆ. ಹೆಮ್ಮೆ! ಎಪ್ಪತ್ಮೂರರ ಡಿಸೆಂಬರಿನಲ್ಲಿ ಇದ್ದ ಹೆಮ್ಮೆ ಎಪ್ಪತ್ನಾಲ್ಕರ ಜನವರಿಗೆ ಎಲ್ಲಿ ಹೋಯ್ತೋ.

ಟಕ್, ಟಕ್, ಕಾಡು, ಹಳ್ಳ, ಬೆಟ್ಟದ ಮೇಲೆ ಗುಡಿ ಹತ್ತಿರದ ಭಟ್ಟರ ಮನೆ, ಅವರು ಕೊಟ್ಟ ಗಂಜಿ, ಮಿಡಿ ಉಪ್ಪಿನಕಾಯಿ, ಈಗಲೂ ನಾಲಿಗೆಯಲ್ಲಿ ಆ ಹುಳಿ ಇದೆ. ಬೆಳಿಗ್ಗೆ ಮೂವರೂ ತುದಿಗೆ ಹೊರಟಿದ್ದು, ಅವಳ ಹೆಗಲ ಮೇಲೆ ಎರಡು ಸೈಕಲ್ ಟ್ಯೂಬು, ಕೆಳಗೆ ಸೈಕಲ್ಲಿನ ಜೊತೆ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋದಾರು ಅಂತ ತಂದದ್ದು, ಏನ್ರೀ ಇದು, ಬೆಟ್ಟಕ್ಕೆ ಪಂಚರ್ ಹಾಕ್ತೀರಾ ಅಂತ ಚಕ್ರಪಾಣಿ ನಕ್ಕಿದ್ದ. ಕಾಲುದಾರಿ ಬಿಟ್ಟು ನೇರ ಹತ್ತಿ ತೋರಿಸ್ತೀನಿ ಅಂದ, ಬೇಡ ಸಾರ್, ಸಡಿಲ ಕಲ್ಲು ಅಂತ ಅವಳೇ ಹೇಳಿದಳು, ಕೇಳಲಿಲ್ಲ – ಕಲ್ಲು ಜಾರಿದ ಸದ್ದು, ಆಮೇಲೆ ಆ ಕಿರುಚು, ನೋಡಿದರೆ ಒಂದಾಳು ಕೆಳಗೆ, ಹುಲ್ಲಿನ ಬುಡ ಹಿಡಿದುಕೊಂಡು ನೇತಾಡ್ತಾ ಇದಾನೆ, ಅವನ ಕೆಳಗೆ ಬರೀ ಮಂಜು. ನಾಗರಾಜು ಕಲ್ಲಾಗಿ ನಿಂತುಬಿಟ್ಟ. ಅವಳು ಟ್ಯೂಬಿಗೆ ಟ್ಯೂಬು ಗಂಟು ಹಾಕಿ, ಒಂದು ತುದಿ ಸೊಂಟಕ್ಕೆ ಸುತ್ತಿ, ಬಂಡೆಗೆ ಕಾಲು ಕೊಟ್ಟು ಇನ್ನೊಂದು ತುದಿ ಎಸೆದಳು, ಎಳೆದಳು, ರಬ್ಬರು ಎಳೆದಷ್ಟೂ ಉದ್ದ ಆಗುತ್ತೆ, ಮನುಷ್ಯ ಮೇಲೆ ಬರೋದೇ ಇಲ್ಲ, ಸೊಂಟದ ಚರ್ಮ ಸುಲಿದು ಹೋಗ್ತಾ ಇತ್ತು, ನಾಗರಾಜು, ಬನ್ರೀ ಅಂತ ಅವಳು ಬೈದ ಮೇಲೆ ಅವನೂ ಬಂದು ಕೈ ಹಾಕಿದ. ಮೇಲೆ ಬಂದವನು ಅವಳ ಎರಡು ಕಾಲು ಹಿಡಿದುಕೊಂಡು ಅತ್ತ. ನೀವು ನನ್ನ ತಾಯಿ ಕಣಮ್ಮ ಅಂದ. ತುದಿಗೆ ಮೊದಲು ಕಾಲಿಟ್ಟವಳು ಅವಳು, ಪಡುವಣಕ್ಕೆ ಕಡಲು ತಗಡಿನ ಹಾಗೆ ಹೊಳೀತಾ ಇತ್ತು, ಒಂದು ಫೋಟೋ ತೆಗೀರಿ ನಮ್ಮಿಬ್ಬರದು, ನಿಮ್ದು ಆಮೇಲೆ ತೆಗೀತೀನಿ ಅಂತ ಕ್ಯಾಮರಾ ಕೊಟ್ಟ, ತೆಗೆದುಕೊಟ್ಟಳು, ಆಮೇಲೆ, ಅಯ್ಯೋ ರೀಲು ಮುಗೀತಲ್ರೀ ಅಂದ. ಅವತ್ತು ಅದೂ ಬೇಜಾರಾಗಲಿಲ್ಲ, ಎಂಥ ಪೆದ್ದಿ.

ಊರಿಗೆ ಬಂದ ವಾರಕ್ಕೆ ಅವನ ಬಾಯಿಂದ ಬೇರೆ ಕಥೆ ಹೊರಟಿತ್ತು – ಅರ್ಧ ಬೆಟ್ಟದಲ್ಲೇ ಪಂಕಜಾ ಅವ್ರಿಗೆ ತಲೆ ಸುತ್ತಿ ಬಿದ್ರು, ನಾನೇ ಬೆನ್ನ ಮೇಲೆ ಹೊತ್ಕೊಂಡು ಭಟ್ಟರ ಮನೆಗೆ ಇಳಿಸಿದೆ, ಆಮೇಲೆ ನಾವಿಬ್ರೇ ತುದಿ ಮುಟ್ಟಿ ಬಂದ್ವಿ. ಬೆನ್ನ ಮೇಲೆ! ಆ ಎರಡು ಮಾತು ಸಾಕಾಯ್ತು ರಾಜಾಜಿನಗರಕ್ಕೆ, ನಲ್ಲಿ ಹತ್ತಿರ, ರೇಷನ್ ಅಂಗಡಿ ಹತ್ತಿರ, ಹೆಡ್ಮಿಸ್ಟ್ರೆಸ್ ಯಶೋದಮ್ಮನವರ ಕೋಣೆಯಲ್ಲಿ, ಗಂಡಸಿನ ಬೆನ್ನ ಮೇಲೆ ಬಂದವರು ನಮ್ಮ ಹೆಣ್ಣುಮಕ್ಕಳಿಗೆ ಏನು ಹೇಳಿಕೊಡ್ತೀರಿ, ನಾಳೆಯಿಂದ ಹುಡುಗೀರ ಸೈಕಲ್ ಸವಾರಿ ಬೇಡ, ಹೊಲಿಗೆ ಕ್ಲಾಸು ನೋಡ್ಕೊಳ್ಳಿ. ಅಪ್ಪ ಒಂದು ಮಾತೂ ಕೇಳದೆ ಅವಳ ಸೈಕಲ್ಲನ್ನ ಬಾಪೂಜಿ ನಗರದ ಯಾರಿಗೋ ಮಾರಿ ಬಂದರು. ಸಂಘದಲ್ಲಿ ಹೊಸ ನಿಯಮ, ಹೆಂಗಸರನ್ನ ಕರ್ಕೊಂಡು ಹೋಗೋದಿಲ್ಲ, ಹಿಂದೆ ಅನುಭವ ಆಗಿದೆ. ನಾಗರಾಜು ಮನೆಗೆ ಎರಡು ಸಲ ಹೋದಳು, ನಿಜ ಹೇಳ್ರೀ ಅಂತ, ಅವನು ಬಾಗಿಲಲ್ಲೇ ಕೈ ಮುಗಿದ, ತಮ್ಮನಿಗೆ ಬ್ಯಾಂಕಲ್ಲಿ ಕೆಲಸ ಕೊಡಿಸಿದಾರೆ ಮೇಡಂ, ನನ್ನನ್ನ ಬಿಟ್ಬಿಡಿ. ಅವತ್ತಿನಿಂದ ಹೊಲಿಗೆ ಕ್ಲಾಸಿನಲ್ಲಿ ಸೂಜಿಗೆ ದಾರ ಪೋಣಿಸುವಾಗೆಲ್ಲ ಅವಳು ಚಕ್ರಪಾಣಿಯನ್ನ ಒಂದೊಂದು ಥರ ಕೊಂದಿದಾಳೆ, ಟ್ಯೂಬು ಎಸೆಯದೆ ಸುಮ್ಮನೆ ನಿಂತು ನೋಡಿದಾಳೆ, ಅರ್ಧ ಎಳೆದು ಕೈ ಬಿಟ್ಟಿದಾಳೆ, ಬೇಡ, ಸಾಯೋದು ಬೇಡ, ಬದುಕಿರಲಿ, ಬದುಕಿದ್ದು ಎಲ್ಲರೆದುರು ಸಣ್ಣವನಾಗಲಿ, ಅವನ ಹೆಂಡತಿ ಮೊದಲನೇ ಸಾಲಲ್ಲಿ ಕೂತಿರೋವಾಗ ಆಗಲಿ.

ಕೂತಿದಾಳೆ, ಮಲ್ಲಿಗೆ ಮುಡಿದುಕೊಂಡು, ಪಾಪ, ಪಾಪ ಏನು ಬಂತು. ಪಕ್ಕದಲ್ಲೇ ಯಶೋದಮ್ಮನವರು. ಟಕ್, ಹತ್ತನೆಯದು, ಇಲ್ಲೇ ನೋಡಿ ಒಬ್ರಿಗೆ ತಲೆ ಸುತ್ತಿದ್ದು, ಹೆಸರು ಬೇಡ, ಅವ್ರೂ ಇಲ್ಲೇ ಇದಾರೆ ಅಂತ ಕಾಣುತ್ತೆ – ಕುರ್ಚಿಗಳು ಕಿರುಗುಟ್ಟಿ ನಾಲ್ಕಾರು ಮುಖ ಇವಳ ಕಡೆ ತಿರುಗಿದವು, ಯಾರೋ ಮೂಗಿನಲ್ಲಿ ನಕ್ಕರು, ಅವಳ ಕಿವಿ ಕಾದ ಹೆಂಚಾಯಿತು, ಏಳು, ಈಗ ಏಳು, ಏನಂತ ಏಳೋದು, ನಿನ್ನ ಮಾತಿಗೆ ಏನು ಗುರುತು ಅಂದರೆ ಸೀರೆ ಸರಿಸಿ ಸೊಂಟದ ಗಾಯದ ಕಲೆ ತೋರಿಸೋದಾ – ಟಕ್. ಹನ್ನೊಂದು. ಇದೇ ತುದಿ. ಎಡಗಡೆ ನಾನು, ಬಲಗಡೆ ನಾಗರಾಜು, ಹಿಂದೆ ಅರಬ್ಬೀ ಸಮುದ್ರ, ಬೆಳಿಗ್ಗೆ ಏಳೂವರೆ, ಫೋಟೋ ತೆಗೆದದ್ದು ಆ ಕಡೆ ಊರಿನ ಗೈಡು. ಜನ ಚಪ್ಪಾಳೆ ತಟ್ಟಿದರು, ಅವಳು ಮಾತ್ರ ಅವರಿಬ್ಬರ ಮುಖ ನೋಡಲಿಲ್ಲ, ಕೆಳಗೆ ನೋಡಿದಳು, ಬೆಳಿಗ್ಗೆಯ ಸೂರ್ಯ ಅವಳ ಬೆನ್ನ ಹಿಂದೆ ಇತ್ತಲ್ಲ, ಫೋಟೋ ತೆಗೆದವರ ನೆರಳು ಬಂಡೆ ಮೇಲೆ ಉದ್ದಕ್ಕೆ ಬಿದ್ದು ಅವರ ಕಾಲ ತನಕ ಹೋಗಿದೆ, ಮುಖದ ಹತ್ತಿರ ಕ್ಯಾಮರಾ ಎತ್ತಿದ ಎರಡು ಮೊಣಕೈ, ಮತ್ತೆ ಗಾಳಿಗೆ ಪಕ್ಕಕ್ಕೆ ಹಾರಿ ನಿಂತ ಒಂದು ಜಡೆ, ಅಣ್ಣನ ಪ್ಯಾಂಟು ಷರ್ಟು ಹಾಕಿದ್ದರೂ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದುಕೊಂಡಿದ್ದ ಅವಳದೇ ಜಡೆ.

ಯಾವಾಗ ಎದ್ದು ನಿಂತಳೋ. ಒಂದು ಪ್ರಶ್ನೆ ಸಾರ್. ಡ್ರಿಲ್ ಮೈದಾನದ ಧ್ವನಿ. ಆ ಗೈಡಿನ ಹೆಸರೇನು? ಬೆತ್ತ ಗಾಳಿಯಲ್ಲೇ ನಿಂತಿತು, ಹೆಸರು, ಏನೋ ಮಂಜಯ್ಯ ಅಂತ, ಯಾಕ್ರೀ? ಏನಿಲ್ಲ, ಮಂಜಯ್ಯನಿಗೆ ಸೊಂಟದ ತನಕ ಜಡೆ ಇತ್ತಾ ಸಾರ್, ನೆರಳು ನೋಡಿ. ಹಿಂದಿನ ಸಾಲಲ್ಲಿ ಯಾರೋ ಹೌದು ಕಣ್ರೋ ಅಂದರು, ಯಶೋದಮ್ಮನವರು ಕನ್ನಡಕ ಹುಡುಕಿ ಹಾಕಿಕೊಂಡರು, ಅವನ ಹೆಂಡತಿ ದುಪ್ಪಟಿ ನೋಡಿದಳು, ಗಂಡನನ್ನು ನೋಡಿದಳು. ನೆಕ್ಸ್ಟ್, ಅಂದ ಚಕ್ರಪಾಣಿ. ಟಕ್ ಆಗಲಿಲ್ಲ. ನಾಗರಾಜು, ನೆಕ್ಸ್ಟ್ ಹಾಕಯ್ಯಾ! ಎಲ್ಲರೂ ಹಿಂದೆ ತಿರುಗಿದರು, ನಾಗರಾಜು ಪ್ರೊಜೆಕ್ಟರಿನಿಂದ ಎರಡೂ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಿದ್ದ, ಜಡೆ ಮೇಡಮ್ದು ಸಾರ್, ಅಂದ, ನಿಮ್ಮನ್ನ ಮೇಲಕ್ಕೆ ಎಳೆದಿದ್ದೂ ಮೇಡಮ್ಮೇ, ನನ್ನ ತಮ್ಮನ ಕೆಲಸ ಹೋದ್ರೆ ಹೋಗ್ಲಿ. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ, ಸಿಹಿ ಬಂತು, ಹಸಿದವರ ಬಾಯಿಗೆ ಬೆಲ್ಲ ಬಿದ್ದ ಹಾಗೆ ಒಂದು ಸಿಹಿ, ಇನ್ನಷ್ಟು ಬೇಕು, ಇನ್ನೂ ನೋಡಬೇಕು – ಚಕ್ರಪಾಣಿ ಬೆತ್ತ ಬಿಸಾಕಿ ದುಪ್ಪಟಿಯ ಮುಂದೆ ಬಂದು ಎರಡೂ ಕೈ ಅಗಲಿಸಿ ಅಡ್ಡ ನಿಂತ, ಏನು ಇದೆಲ್ಲ, ಲೈಟ್ ಹಾಕ್ರೀ, ಲೈಟ್ ಹಾಕಿ ಅಂತಾನೆ, ಯಾರೂ ಹಾಕುತ್ತಿಲ್ಲ, ಸ್ಲೈಡಿನ ಬಂಡೆ ಅವನ ಬಿಳಿ ಷರ್ಟಿನ ಮೇಲೆ ಬಂತು, ಎರಡು ಮೊಣಕೈ ಅವನ ಎದೆ ಮೇಲೆ, ಜಡೆ ಅವನ ಕೊರಳ ಮೇಲೆ ಅಡ್ಡಕ್ಕೆ, ಅವನು ಎಡಕ್ಕೆ ಸರಿದ, ಕೊರಳಲ್ಲೇ ಇದೆ, ಬಲಕ್ಕೆ ಸರಿದ, ಕೈಯಿಂದ ಒರೆಸಿಕೊಂಡ, ಈಗ ಕೈ ಮೇಲೆ, ಕೊರಳ ಮೇಲೆ, ಕಪ್ಪಗೆ, ಅಲ್ಲಾಡದೆ, ಅವಳ ಜಡೆ, ಅವನ ಕೊರಳ ಮೇಲೆ, ಅವಳ ಜಡೆ