ಹದಿನೆಂಟು ದಿನ ಬಾಕಿ

ಎರಡನೇ ಸಲ ಹಿಟ್ಟು ನಾದುತ್ತಿದ್ದಾಗ ಫೋನು ಬಡಿದುಕೊಂಡಿತು. ನೋಲ್ಫಾ ರೊಟ್ಟಿ ಹಿಟ್ಟಿಗೆ ಹಾಕಿದ ಕೊಬ್ಬು ಕೈಗಂಟಿದ್ದನ್ನು ಬಟ್ಟೆಗೆ ಒರೆಸಿಕೊಂಡು ಎತ್ತಿಕೊಂಡಳು.

"ನೋಲ್ಫಾ ಒಯಾರ್ಸುನ್ ಅವರಾ?"

"ಇಲ್ಲಮ್ಮ, ಅವ್ಳು ಊರಲ್ಲಿಲ್ಲ. ದಕ್ಷಿಣಕ್ಕೆ ಹೋಗಿದಾಳೆ. ನಾನು ಅವಳ ತಂಗಿ."

ವಸೂಲಿ ಕಚೇರಿಗೆ ಐದು ವರ್ಷಗಳಿಂದ ಕೊಡುತ್ತಿದ್ದ ಸುಳ್ಳು ಉತ್ತರ ಅದು. ಆದರೆ ಇವತ್ತು ಆ ಕಡೆಯ ಹುಡುಗಿ ನಕ್ಕಳು.

"ದಕ್ಷಿಣದಿಂದ ಬಂದ್ರಲ್ಲ, ಬೆಳಿಗ್ಗೆ ನಮ್ಮಲ್ಲೇ ಇದ್ರು! ಸಹಿ ಹಾಕಿದ್ದಕ್ಕೆ ಥ್ಯಾಂಕ್ಸ್ ಹೇಳಿಬಿಡಿ. ಮುಂದಿನ ಕಂತು ಮೇ ಐದಕ್ಕೆ."

ನೋಲ್ಫಾ ಫೋನು ಕೆಳಗಿಟ್ಟಳು. ಗುರುತಿನ ಚೀಟಿ ಇಡುವ ಡ್ರಾಯರು ಎಳೆದು ನೋಡಿದಳು. ಚೀಟಿ ಇರಲಿಲ್ಲ.

ಸಾಲ ಅವಳದಾಗಿರಲಿಲ್ಲ. ಬಂದರಿನ ಊರು ತಾಲ್ಕವಾನೊದ ಈ ಗುಡ್ಡದ ಮೇಲೆ ಒಬ್ಬರ ಸಾಲದ ಕಾರ್ಡಿನಲ್ಲಿ ಇನ್ನೊಬ್ಬರು ಸಾಮಾನು ತರುವುದು ಎಲ್ಲರೂ ಮಾಡುವ ಕೆಲಸ. ತಂಗಿ ಎರ್ಸಿಲಿಯಾ ಅಂಗಡಿಯಿಂದ ಬಟ್ಟೆ ಒಗೆಯುವ ಯಂತ್ರ ತಂದಳು, ಅಕ್ಕ ಹೆಸರು ಕೊಟ್ಟಳು. ಮೀನಿನ ಕಾರ್ಖಾನೆಯಲ್ಲಿ ತಂಗಿಯ ಕೆಲಸ ಹೋಯಿತು, ಕಂತು ನಿಂತಿತು. ಸಾಲಗಾರರ ಪಟ್ಟಿ ಡೀಕಾಮ್‌ನಲ್ಲಿ ಅಕ್ಕನ ಹೆಸರು ಬಿತ್ತು.

ಕಾನೂನು ಕಾಲೇಜಿನ ಉಚಿತ ಸಲಹೆಯ ಹುಡುಗಿ ಬಿಡಿಸಿ ಹೇಳಿದ್ದಳು: "ಕಂತು ನಿಂತು ಐದು ವರ್ಷ ತುಂಬಿದ್ರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಕೋರ್ಟಲ್ಲಿ ಅವಧಿ ಮುಗೀತು ಅಂತ ನಾವು ಅರ್ಜಿ ಕೊಟ್ರೆ ವಸೂಲಿ ಮಾಡೋ ಹಕ್ಕೂ ಹೋಗುತ್ತೆ. ಅಲ್ಲೀವರ್ಗೂ ಒಂದು ಪೆಸೊ ಕಟ್ಬೇಡಿ, ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ ಸೆನ್ಯೋರ. ಹಾಕಿದ್ರೆ ಲೆಕ್ಕ ಮತ್ತೆ ಒಂದರಿಂದ."

ಇನ್ನು ಹದಿನೆಂಟೇ ದಿನ ಇತ್ತು. ಮೂಲೆಯ ಮಳಿಗೆಯನ್ನು ಅದರ ಮಾಲೀಕ ದೋನ್ ಬೌದಿಲಿಯೊ ಅವಳಿಗಾಗಿಯೇ ತಿಂಗಳ ಕೊನೆಯವರೆಗೆ ಖಾಲಿ ಇಟ್ಟಿದ್ದ. ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾಗದ ತೋರಿಸಿದರೆ ಬೀಗದ ಕೈ ಅವಳದು. ಐವತ್ನಾಲ್ಕನೇ ವಯಸ್ಸಿಗೆ ಅಡುಗೆಮನೆಯ ಕಿಟಕಿಯಿಂದಲ್ಲ, ತನ್ನ ಅಂಗಡಿಯಿಂದ ರೊಟ್ಟಿ ಮಾರಬಹುದಿತ್ತು. ಇದೊಂದನ್ನೂ ತಂಗಿಗೆ ಹೇಳಿರಲಿಲ್ಲ. ಯಂತ್ರದ ಮಾತೆತ್ತಿದರೆ ಅವಳು ಮುಖ ಸಣ್ಣ ಮಾಡಿಕೊಳ್ಳುತ್ತಾಳೆಂದು ಐದು ವರ್ಷವೂ ಒಂದೇ ಸೂರಿನಡಿ ಬಾಯಿ ಮುಚ್ಚಿಕೊಂಡಿದ್ದಳು.

ಮಧ್ಯಾಹ್ನ ಎರ್ಸಿಲಿಯಾ ಬಂದಳು. ಕೈಯಲ್ಲಿ ಕೇಕಿನ ಡಬ್ಬಿ.

"ಅಕ್ಕಾ, ಕೂತ್ಕೋ. ಬೀಳ್ತೀಯ ಮತ್ತೆ. ಆ ಸಾಲ ಮುಗಿಸೋ ದಾರಿ ಮಾಡ್ಬಿಟ್ಟೆ! ಅರ್ಧಕ್ಕರ್ಧ ಬಿಟ್ರು ಕಣೇ. ಇಪ್ಪತ್ತು ಸಾವಿರ ಕಟ್ಟಿ ಬಂದೆ, ಉಳಿದಿದ್ದು ಮೂವತ್ತಾರು ಕಂತು."

"ಸಹಿ?"

"ನಿನ್ದೇ! ನಾನೇ ಹಾಕ್ದೆ. ನಿನ್ನ ಚೀಟಿ ತಗೊಂಡ್ಹೋಗಿದ್ದೆ. ಅಲ್ಲಿನ ಹುಡುಗಿ ಫೋಟೋ ನೋಡಿ, ತುಂಬಾ ಇಳಿದಿದೀರಲ್ಲ ಸೆನ್ಯೋರ ಅಂದ್ಲು. ಡಯಟ್ಟು ಅಂದೆ." ಎರ್ಸಿಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನನ್ನಿಂದ ನಿನ್ನ ಹೆಸರು ಕೆಟ್ಟಿದ್ದು. ರಾತ್ರಿ ನಿದ್ದೆ ಬರ್ತಿರ್ಲಿಲ್ಲ ಅಕ್ಕಾ. ಏನಾದ್ರೂ ಅನ್ನೇ."

"ಕೇಕ್ ಯಾಕೆ ತರೋಕ್ಹೋದೆ, ದುಡ್ಡು ದಂಡ."

"ಅದೊಂದೇ ಬಂತಾ ಬಾಯಿಗೆ! ಜಿಪುಣಿ."

ನೋಲ್ಫಾ ಕೇಕು ಕೊಯ್ದು ತಂಗಿಗೆ ದೊಡ್ಡ ತುಂಡು ಕೊಟ್ಟಳು. ಎದುರಿಗೆ ಕೂತವಳ ಹಣೆಯೂ ಮೂಗೂ ತನ್ನವೇ. ಅವಳು ಹೊಟ್ಟೆಗಿಲ್ಲದವಳಂತೆ ಗಬಗಬ ತಿನ್ನುತ್ತಿದ್ದಳು. ಬಹುಶಃ ಬೆಳಗಿನಿಂದ ಏನೂ ತಿಂದಿರಲಿಲ್ಲ.

ಆ ಸಹಿ ತನ್ನದಲ್ಲವೆಂದು ರುಜುವಾತಾದರೆ ಹದಿನೆಂಟು ದಿನ ಹದಿನೆಂಟಾಗಿಯೇ ಉಳಿಯುತ್ತದೆ. ಆದರೆ ಅದಕ್ಕೆ ಪೊಲೀಸರಲ್ಲಿ ದೂರು ಬರೆಸಬೇಕು. ಹಾಗಾದರೆ ಹಾಕಿದ್ದು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲ ಎನ್ನಲು ಆ ಕಚೇರಿಯ ಕ್ಯಾಮೆರಾ ಬಿಡುವುದಿಲ್ಲ.

"ಸೋಮವಾರ ಸಂತೆಗೆ ಜೊತೆಗೆ ಹೋಗೋಣ್ವಾ?" ಎಂದಳು ಎರ್ಸಿಲಿಯಾ.

"ನಿಂಗೆ ಬೇಕಾದ್ದು ಬರೆದಿಡು. ನಾನೊಬ್ಬಳೇ ಹೋಗ್ತೀನಿ."

ಸಂತೆಗಿಂತ ಮೊದಲು ಠಾಣೆ, ಎಂದುಕೊಂಡಳು ನೋಲ್ಫಾ. ಕೇಳಿದರೆ ಇವಳ ಹೆಸರು ಹೇಳುತ್ತೇನೆ. ಪೂರ್ತಿ ಹೆಸರು. ಎದ್ದು, ತಂಗಿಯ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.