ಗುಂಡಿನ ವೇಗ ಅಳೆಯುವವನ ಪುಕ್ಕಲು ಬದುಕು

ನಾನು ಒಂದು ವೇಗಮಾಪಕ. ಅಂಗಡಿಯವರು ಕ್ರೋನೋಗ್ರಾಫ್ ಎನ್ನುತ್ತಾರೆ. ಬಂದೂಕಿನಿಂದ ಹೊರಟ ಗುಂಡು ಎಷ್ಟು ವೇಗವಾಗಿ ಹೋಯಿತೆಂದು ಹೇಳುವುದು ನನ್ನ ಕೆಲಸ. ಅದಕ್ಕೆಂದೇ ನನ್ನ ಮೈಮೇಲೆ ಹಿಂದೊಂದು ಮುಂದೊಂದು ಗಾಜಿನ ಕಣ್ಣು ಕೂಡಿಸಿದ್ದಾರೆ. ಗುಂಡಿನ ನೆರಳು ಒಂದು ಕಣ್ಣು ದಾಟಿ ಇನ್ನೊಂದಕ್ಕೆ ಬರಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಅಂಕಿ ತೋರಿಸುತ್ತೇನೆ. ಕೇಳುವುದಕ್ಕೆ ಸುಲಭ. ಆದರೆ ನಾನು ಬಂದೂಕಿನ ಬಾಯಿಯ ಎದುರಿಗೇ ಅಂಗಾತ ಮಲಗಬೇಕು, ಗುಂಡು ನನ್ನ ಮೇಲೆ ಗೇಣೆತ್ತರದಲ್ಲಿ ಹಾಯಬೇಕು. ಹೊಡೆಯುವವರ ಕೈ ಸ್ವಲ್ಪ ತಗ್ಗಿದರೆ ನನ್ನ ಕಥೆ ಮುಗಿಯಿತು. ನನಗೆ ರೆಪ್ಪೆಯೂ ಇಲ್ಲ, ಎಷ್ಟು ಹೆದರಿದರೂ ಕಣ್ಣು ಮುಚ್ಚಿಕೊಳ್ಳುವಂತಿಲ್ಲ.

ನಾನು ಹುಟ್ಟು ಪುಕ್ಕಲ. ಕಾರ್ಖಾನೆಯಲ್ಲಿ ನನಗೆ ಎರಡನೆಯ ಕಣ್ಣು ಕೂಡಿಸುವಾಗಲೇ ಪಕ್ಕದ ಮೇಜಿನ ಮೇಲೆ ರಿಪೇರಿಗೆ ಬಂದ ನಮ್ಮಣ್ಣನೊಬ್ಬನನ್ನು ಕಂಡೆ. ಅವನ ಹೊಟ್ಟೆಯಲ್ಲಿ ಈ ಕಡೆಯಿಂದ ಆ ಕಡೆ ಕಾಣುವ ತೂತಿತ್ತು. ನನ್ನ ಕಣ್ಣಿಗೆ ಬಿದ್ದ ಮೊದಲ ನೋಟವೇ ಅದು. ಅಂದಿನಿಂದ ನನ್ನ ಜೀವ ಅಂಗೈಯಲ್ಲಿದೆ.

ಹುಬ್ಬಳ್ಳಿಯ ಅಂಗಡಿಯೊಂದರ ಕಪಾಟಿನಲ್ಲಿ ನಾವು ಮೂರು ಜಾತಿಯವರು ಕೂತಿದ್ದೆವು. ಒಬ್ಬ ಬಂದೂಕಿನ ಮೂತಿಗೇ ತಗುಲಿಕೊಳ್ಳುವವನು. ಇನ್ನೊಬ್ಬ ಪಕ್ಕದಲ್ಲಿ ದೂರ ಕೂತು ರೇಡಾರ್ ಅಲೆ ಬಿಟ್ಟು ಅಳೆಯುವ ಶ್ರೀಮಂತ. ಮೂರನೆಯವನು ನಾನು. ಒಂದು ದಿನ ಚನ್ನಬಸಪ್ಪ ಎಂಬ ನಿವೃತ್ತ ಹವಾಲ್ದಾರರು ಶಿಷ್ಯೆಯನ್ನು ಕರೆದುಕೊಂಡು ಬಂದರು. ಅವರು ಊರಲ್ಲಿ ಗಾಳಿ ಬಂದೂಕು ಕಲಿಸುವ ಶಾಲೆ ನಡೆಸುತ್ತಿದ್ದರು. ಶಿಷ್ಯೆಯ ಹೆಸರು ದಾಕ್ಷಾಯಣಿ.

ಹವಾಲ್ದಾರರು ಶ್ರೀಮಂತನ ಬೆಲೆ ಕೇಳಿ ಅವನನ್ನು ಮೆಲ್ಲಗೆ ಕೆಳಗಿಟ್ಟರು. ಮೂತಿಗೆ ತಗುಲುವವನನ್ನು ಎತ್ತಿಕೊಂಡರು. ಇವನೇ ಹೋಗಲಿ ಎಂದು ನಾನು ಕಂಡ ಕಂಡ ದೇವರಿಗೆ ಹರಕೆ ಹೊತ್ತೆ.

"ಬ್ಯಾಡ್ರಿ ಸರ್," ಎಂದಳು ದಾಕ್ಷಾಯಣಿ. "ಮೂತಿಗೆ ಭಾರ ಕಟ್ಟಿದ್ರ ಬಂದೂಕಿನ ತೂಕನ ಬದಲಾಗ್ತೈತಿ. ಕೈ ನಡುಗಿದ್ರ ಗೊತ್ತಾಗೂದಿಲ್ಲ. ನನಗ ಖರೇ ಗೊತ್ತಾಗಬೇಕು."

ಹೀಗೆ ನಾನು ಆಯ್ಕೆಯಾದೆ. ನನ್ನನ್ನು ಚೀಲಕ್ಕೆ ಹಾಕುವಾಗ ಅವಳ ಬೆರಳು ನಡುಗುತ್ತಿದ್ದವು. ನನ್ನ ಎದೆ ಧಸಕ್ಕೆಂದಿತು.

ಕಥೆ ಏನೆಂದು ದಾರಿಯಲ್ಲಿ ಅವರ ಮಾತಿನಿಂದ ತಿಳಿಯಿತು. ಅವಳ ಗುಂಡುಗಳು ಕೆಲವು ದಿನಗಳಿಂದ ಒಂದು ಮೇಲೆ, ಒಂದು ಕೆಳಗೆ ಬೀಳುತ್ತಿದ್ದವು. ದಸರೆ ಮುಗಿದ ಮೇಲೆ ರಾಜ್ಯ ತಂಡದ ಆಯ್ಕೆ. ಅವಳ ಅಪ್ಪ ಹಳೇ ಹುಬ್ಬಳ್ಳಿಯಲ್ಲಿ ಹೆಸರಾದ ದರ್ಜಿ. ಕೈ ನಡುಕದ ರೋಗ ಬಂದು ಈಗ ಸೂಜಿಗೆ ದಾರ ಪೋಣಿಸಲೂ ಆಗದೆ ಕೂತಿದ್ದ. ಅದೇ ನಡುಕ ತನಗೂ ಇಳಿದು ಬಂತೆಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು. ಗುಂಡುಗಳ ವೇಗ ಹೆಚ್ಚು ಕಡಿಮೆ ಆಗುತ್ತಿದ್ದರೆ ತಪ್ಪು ಬಂದೂಕಿನದು. ವೇಗ ಒಂದೇ ಸಮ ಇದ್ದರೆ ತಪ್ಪು ಕೈಯದು.

"ಕೈದ ತಪ್ಪ ಇದ್ರ ಬಂದೂಕ ನಿಮ್ಮ ಪಾದದ ಹತ್ತಿರ ಇಟ್ಟು ಹೋಗ್ತೀನ್ರಿ," ಎಂದಳು.

ಅವಳಿಗೆ ಯಾವ ಕೈಯ ಹೆದರಿಕೆಯೋ ನನಗೂ ಅದೇ ಕೈಯ ಹೆದರಿಕೆ. ಅವಳದು ಹೋದರೆ ಆಟ, ನನ್ನದು ಹೋದರೆ ಪ್ರಾಣ.

ಮೊದಲ ದಿನ ನನ್ನನ್ನು ಮಲಗಿಸಿ ಅವಳು ಗುರಿ ಹಿಡಿದಳು. ಬಂದೂಕಿನ ಕಪ್ಪು ಬಾಯಿ ಗಾಳಿಗೆ ಸಿಕ್ಕ ಹುಲ್ಲುಕಡ್ಡಿಯಂತೆ ಅಲ್ಲಾಡುತ್ತಿತ್ತು. ಠಪ್ ಎಂದಿತು. ನನ್ನ ಕಣ್ಣಿನ ಮೇಲೆ ಚಪ್ಪರದಂತೆ ನಿಂತಿದ್ದ ಬಿಳಿ ಪ್ಲಾಸ್ಟಿಕ್ ಹಾರಿಹೋಗಿ ಗೋಡೆಗೆ ಬಡಿಯಿತು. ಅಂಕಿ ತೋರಿಸುವುದಿರಲಿ, ನಾನು ಬದುಕಿದ್ದೇನೆಂದು ನನಗೇ ನಂಬಿಕೆ ಬರಲಿಲ್ಲ. ಅವಳು ಬಂದೂಕು ಕೆಳಗಿಟ್ಟು ಮುಖ ಮುಚ್ಚಿಕೊಂಡು ಅತ್ತಳು.

"ಅಪ್ಪನ ಕೈ ನನಗ ಬಂತ್ರಿ ಸರ್."

"ಇವತ್ತ ಸಾಕು," ಎಂದರು ಹವಾಲ್ದಾರರು. "ನಾಳೆ ಖಂಡೇಪೂಜಿ. ಪೂಜಿ ಮುಗಿಸಿ ನೋಡೂಣಂತ."

ಮಹಾನವಮಿಯ ದಿನ ಆಯುಧಗಳಿಗೆಲ್ಲ ಪೂಜೆ. ಬಂದೂಕುಗಳನ್ನು ಸಾಲಾಗಿ ಇಟ್ಟು ಹವಾಲ್ದಾರರು ವಿಭೂತಿ ಹಚ್ಚಿದರು, ಕುಂಕುಮ ಇಟ್ಟರು, ಚೆಂಡು ಹೂ ಏರಿಸಿದರು. ಕೊನೆಗೆ ನನ್ನ ಹತ್ತಿರ ಬಂದರು. ನನಗೆ ಹಣೆಯಿಲ್ಲ. ಅವರು ಸ್ವಲ್ಪ ಯೋಚಿಸಿ, "ಇದಕ್ಕ ಕಣ್ಣ ದೇವರು," ಎಂದು ನನ್ನ ಎರಡೂ ಕಣ್ಣಿಗೆ ಒದ್ದೆ ಕುಂಕುಮ ಮೆತ್ತಿದರು. ಎಂಥ ಭಕ್ತಿಯೋ ಏನೋ, ಲೋಕವೆಲ್ಲ ಕೆಂಪಗೆ ಮಂಜಾಯಿತು.

ಆ ಮೇಲೆ ಅವಳು ಹೊಡೆದಳು. ಗುಂಡು ಯಾವಾಗ ಬಂತು, ಯಾವಾಗ ಹೋಯಿತು ಎಂದು ನನಗೆ ಸರಿಯಾಗಿ ಕಾಣಿಸಲೇ ಇಲ್ಲ. ಹೆದರಿಕೆ ಬೇರೆ. ಬಾಯಿಗೆ ಬಂದ ಅಂಕಿ ಹೇಳಿದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಒಮ್ಮೆ ತೀರ ಹೆಚ್ಚು.

ಹವಾಲ್ದಾರರು ತೊಡೆ ತಟ್ಟಿದರು. "ನೋಡಬೇ ಯವ್ವಾ, ವೇಗ ಹೆಂಗ ಕುಣಿತೈತಿ. ನಿನ್ನ ಕೈ ಕಲ್ಲಿನಂಗ ಐತಿ. ಹುಳುಕ ಬಂದೂಕದಾಗ."

ಅವಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕಳೆದುಹೋಗಿದ್ದು ಸಿಕ್ಕವರು ಹಾಗೆ ನೋಡುತ್ತಾರೆ.

ಹವಾಲ್ದಾರರೊಬ್ಬರೇ ಬಂದೂಕನ್ನೂ ನನ್ನನ್ನೂ ಒಂದೇ ಚೀಲದಲ್ಲಿ ರಿಪೇರಿಯವನ ಬಳಿಗೆ ಒಯ್ದರು. ಅವನು ಎಲ್ಲ ಬಿಚ್ಚಿ ನೋಡಿ, "ಬಂದೂಕಿಗೆ ಏನೂ ಆಗಿಲ್ರಿ ಹವಾಲ್ದಾರ್ರ," ಎಂದ. ಹವಾಲ್ದಾರರು ನನ್ನನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಅವರ ಮುಖದ ಬಣ್ಣ ಇಳಿಯಿತು. ಹೆಬ್ಬೆರಳಿನಿಂದ ನನ್ನ ಕಣ್ಣಿನ ಕುಂಕುಮ ಒರೆಸಿ, ಪಂಚೆಗೆ ಬೆರಳು ತಿಕ್ಕಿಕೊಂಡರು.

"ಗಾಳಿ ಸೋರತಿತ್ತು, ವಾಷರ್ ಬದಲು ಮಾಡೀವಿ ಅಂತ ಆಕಿಗೆ ಹೇಳು," ಎಂದರು ರಿಪೇರಿಯವನಿಗೆ.

ವಾಷರ್ ಬದಲಾಯಿತೆಂದು ನಂಬಿ ದಾಕ್ಷಾಯಣಿ ಮತ್ತೆ ನನ್ನ ಮುಂದೆ ಕೂತಳು. ನಾನು ಜೀವ ಬಿಗಿಹಿಡಿದುಕೊಂಡೆ. ಕಪ್ಪು ಬಾಯಿ ಅಲ್ಲಾಡಲಿಲ್ಲ. ಗುಂಡಿನ ಹಿಂದೆ ಗುಂಡು ಒಂದೇ ದಾರಿಯಲ್ಲಿ ಹೋದವು. ಅವಳು ತಂಡಕ್ಕೆ ಆಯ್ಕೆಯಾದಳು. ಹವಾಲ್ದಾರರು ಕಣ್ಣು ಮುಚ್ಚುವವರೆಗೂ ಆ ಕುಂಕುಮದ ಗುಟ್ಟು ಬಾಯಿ ಬಿಡಲಿಲ್ಲ.

ಈಗ ಆ ಶಾಲೆ ಅವಳದೇ. ಅವಳ ಕೂದಲು ನರೆತಿದೆ, ನನ್ನ ಮೈ ಹಳದಿಗಟ್ಟಿದೆ. ಈ ಸಲದ ಮಹಾನವಮಿಯಲ್ಲಿ ಅವಳು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಗುರುಗಳು ಅಂದು ಮಾಡಿದಂತೆಯೇ ನನ್ನ ಕಣ್ಣಿಗೆ ಕುಂಕುಮ ಮೆತ್ತಿ, ಪೂಜೆಯ ಶಾಸ್ತ್ರಕ್ಕೆಂದು ಒಂದಿಷ್ಟು ಗುಂಡು ಹೊಡೆದಳು. ಅಂಕಿಗಳು ಕುಣಿದವು. ಅವಳು ನನ್ನ ಕಣ್ಣು ಒರೆಸಿ ಮತ್ತೆ ಹೊಡೆದಳು. ಅಂಕಿಗಳು ಸಮನಾದವು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಹಂಗಾರ ಅವತ್ತ ನಡುಗಿದ್ದು ನನ್ನ ಕೈನ," ಎಂದಳು. ಕೈ ಚಾಚಿ ನೋಡಿಕೊಂಡಳು. ಅದು ನಡುಗುತ್ತಿರಲಿಲ್ಲ. ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ.

ನಿನ್ನೆ ಶಾಹೀನ್ ಎಂಬ ಪೊಲೀಸ್ ಪೇದೆ ಕಲಿಯಲು ಬಂದಿದ್ದಳು. "ಕೈ ನಡುಗ್ತಾವ್ರಿ ಮೇಡಂ, ನನ್ನ ಕಡಿಂದ ಇದು ಆಗೂದಿಲ್ಲ," ಎನ್ನುತ್ತಲೇ ಬಂದೂಕು ಹಿಡಿದಳು. ಅದರ ಬಾಯಿ ನನ್ನ ಮುಂದೆ ಅಲ್ಲಾಡತೊಡಗಿತು. ಈ ವಯಸ್ಸಿನಲ್ಲೂ ನನ್ನ ಮೈಯೆಲ್ಲ ತಣ್ಣಗಾಯಿತು.

"ತಡಿಯವ್ವಾ. ಮೊದಲ ಬಂದೂಕ ಪರೀಕ್ಷೆ ಮಾಡೂಣು," ಎಂದಳು ದಾಕ್ಷಾಯಣಿ. ಗೋಡೆಯ ಮೇಲಿನ ಗುರುಗಳ ಫೋಟೋದ ಹತ್ತಿರ ಹೋಗಿ ಬೆರಳಿಗೆ ಕುಂಕುಮ ತಗೊಂಡಳು. ನನ್ನನ್ನು ಸರಿಯಾಗಿ ಕೂಡಿಸುವವಳಂತೆ ಬಗ್ಗಿ, ಹುಟ್ಟಿದಾಗಿನಿಂದ ಮುಚ್ಚಲು ಬಾರದ ನನ್ನ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿದಳು.