ಗಟ್ಟಿ ಸ್ಪ್ರಿಂಗ್

"ಐಡಿಯಾ ಪೂರ್ತಿ ನಂದೇ ಸಾರ್," ಎಂದು ಅವನು ಹೇಳಿಯಾಗಿತ್ತು. ಹೇಳಿದ ಮೇಲೆ ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಿಂದೆ, ಶೆಡ್ಡಿನ ಬಾಗಿಲಲ್ಲಿ, ಅಕ್ಕ ನಿಂತಿದ್ದಳು.

ಭಾನುವಾರದ ಬೆಳಗು. ಗ್ಯಾರೇಜಿನ ಅಂಗಳದ ನಡುವೆ ಬಾನೆಟ್ ತೆರೆದ ಹಳೆಯ ನೀಲಿ ಕಾರು, ಅದರ ಸುತ್ತ ಎಂಟು ಹತ್ತು ಜನ. ಕಾರು ಹಲ್ಲಿನ ಡಾಕ್ಟರದು. ತಂದೆ ಓಡಿಸುತ್ತಿದ್ದ ಗಾಡಿಯೆಂದು ಅವರಿಗೆ ಅದರ ಮೇಲೆ ಪ್ರಾಣ. ಆದರೆ ಏರು ಸಿಕ್ಕರೆ ಸಾಕು, ಮುದುಕನಂತೆ ಏದುಸಿರು ಬಿಡುತ್ತಿತ್ತು. "ದಿನಾ ಕ್ಲಿನಿಕ್ಕಿಗೆ ಓಡಿಸೋ ಗಾಡಿಯಾಗೇ ಇರ್ಬೇಕು, ಏರು ಬಂದಾಗ ಮಾತ್ರ ಕರು ನೆಗೆದ ಹಾಗೆ ನೆಗೀಬೇಕು" ಎಂದು ಎಂಟು ತಿಂಗಳ ಹಿಂದೆ ಕೇಳಿದ್ದರು. ಇವತ್ತು ಗೆಳೆಯರ ದಂಡನ್ನೇ ಕಟ್ಟಿಕೊಂಡು ಬಂದಿದ್ದರು. ಜೊತೆಗೆ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು. ಜೇಬಿನಲ್ಲಿ ಎರಡು ಕನ್ನಡಕ, ಬಾಯಲ್ಲಿ ಮಾತು ಕಮ್ಮಿ.

"ಸೂಪರ್‌ಚಾರ್ಜರು ಇಂಜಿನ್ನಿನ ಬೆಲ್ಟಿಂದ ತಿರುಗೋದು ಸಾರ್," ಅವನು ಬೆರಳಿಟ್ಟು ತೋರಿಸಿದ. "ಕಾಲು ಒತ್ತಿದ ಕ್ಷಣ ಗಾಳಿ ತುಂಬುತ್ತೆ. ಆದ್ರೆ ವೇಗ ಏರಿದ ಹಾಗೆ ಅದೇ ಇಂಜಿನ್ನಿಗೆ ಭಾರ. ಟರ್ಬೋ ಹಾಗಲ್ಲ, ಹೊಗೆಯ ರಭಸಕ್ಕೆ ತಿರುಗೋದು. ಏಳೋದು ತಡ, ಎದ್ದ ಮೇಲೆ ರಾಕ್ಷಸ. ಒಬ್ಬ ಬೆಳಗಾಗೆದ್ದು ದುಡಿಯೋನು, ಇನ್ನೊಬ್ಬ ಮಧ್ಯಾಹ್ನ ಎದ್ದು ಮೆರೆಯೋನು. ಇಬ್ಬರನ್ನೂ ಒಂದೇ ಮನೇಲಿಟ್ಟು ಸಂಸಾರ ಮಾಡಿಸಿದೀನಿ."

ಎಲ್ಲರೂ ನಕ್ಕರು. ಆ ಸಂಸಾರದ ಮಾತೂ ಅಕ್ಕನದೇ.

ಎರಡನ್ನೂ ತಂದು ಇಂಜಿನ್ನಿಗೆ ನೇತುಹಾಕಿದ್ದು ಮಾತ್ರ ಅವನು. ಆಮೇಲೆ ಆರು ತಿಂಗಳು ಅವು ಕಿತ್ತಾಡಿದ್ದೇ ಕಿತ್ತಾಡಿದ್ದು. ಟರ್ಬೋ ಎದ್ದ ಕೂಡಲೇ ಅದರ ಗಾಳಿ ಸೂಪರ್‌ಚಾರ್ಜರಿನೊಳಗೆ ಇರುಕಿಕೊಂಡು ಇಂಜಿನ್ ಕೆಮ್ಮುತ್ತಿತ್ತು. ಅವನು ಸ್ಪ್ಯಾನರ್ ಬಿಸಾಡಿ ಕೂತ ದಿನ ಅಕ್ಕ ರಟ್ಟಿನ ಡಬ್ಬಿಯ ಬೆನ್ನಮೇಲೆ ಚಿತ್ರ ಬರೆದಳು: ಪಕ್ಕದಲ್ಲೊಂದು ಓಣಿ, ಓಣಿಗೊಂದು ಬಾಗಿಲು, ಬಾಗಿಲಿಗೊಂದು ಸ್ಪ್ರಿಂಗು. ಟರ್ಬೋ ಏಳುವ ತನಕ ಬಾಗಿಲು ಮುಚ್ಚಿರಬೇಕು. ಎದ್ದ ಮೇಲೆ ಅದರ ಒತ್ತಡಕ್ಕೇ ತೆರೆದುಕೊಂಡು, ಗಾಳಿ ಸೂಪರ್‌ಚಾರ್ಜರಿನೊಳಗೆ ಹೊಗದೆ ಆ ಓಣಿಯಿಂದಲೇ ನೇರ ಇಂಜಿನ್ನಿಗೆ ಹೋಗಬೇಕು. ಅವನಿಗೆ ಅರ್ಥವಾಗುವಂತೆ ಮೂರು ಸಲ ಹೇಳಿದಳು. ಹಿಂದಿನ ಶೆಡ್ಡಿನ ಲೇತಿನಲ್ಲಿ ಆ ಬಾಗಿಲನ್ನು, ಅಂದರೆ ವಾಲ್ವನ್ನು, ಕಡೆದವಳೂ ಅವಳೇ. ಅಪ್ಪನ ಕೈ ನಡುಗಲು ಶುರುವಾದ ವರ್ಷ ಆ ಲೇತಿನ ಮುಂದೆ ನಿಂತವಳು, ಇಪ್ಪತ್ತೆರಡು ವರ್ಷವಾದರೂ ಅಲ್ಲಿಂದ ಕದಲಿರಲಿಲ್ಲ.

ಅವನೇನೂ ಲೆಕ್ಕಹಾಕಿ ಸುಳ್ಳು ಹೇಳಿದ್ದಲ್ಲ. "ಇದು ಹೇಗ್ರೀ ಹೊಳೀತು ನಿಮ್ಗೆ?" ಎಂದು ಡಾಕ್ಟರು ಬೆನ್ನು ತಟ್ಟಿದರು, ನಾಲಿಗೆ ತಾನೇ ಓಡಿತು. ಓಡಿದ ನಾಲಿಗೆ ಅಲ್ಲಿಗೆ ನಿಲ್ಲಲೂ ಇಲ್ಲ. ಮೇಷ್ಟ್ರು ಶೆಡ್ಡಿನ ಕಡೆ ನೋಡಿ "ಅವರು?" ಎಂದಾಗ, "ನಮ್ಮಕ್ಕ ಸಾರ್. ಹೀಗೇ, ಕೈಸಹಾಯಕ್ಕೆ ಇರ್ತಾಳೆ" ಅಂದುಬಿಟ್ಟ.

ಗ್ಯಾರೇಜಿನ ಎದುರಿನ ರಸ್ತೆಯೇ ಏರು. ಡಾಕ್ಟರನ್ನೂ ಮೇಷ್ಟ್ರನ್ನೂ ಕೂರಿಸಿಕೊಂಡು ಅವನೇ ಹೊರಟ. ಕಾರು ಚಂಗನೆ ನೆಗೆಯಿತು. ಡಾಕ್ಟರು ಸೀಟಿಗಂಟಿಕೊಂಡು "ಅಬ್ಬಬ್ಬಾ!" ಎಂದರು. ಅರ್ಧ ಏರು ಹತ್ತಿದ್ದೇ ತಡ, ಇಂಜಿನ್ ಗಡಗಡ ನಡುಗಿ, ಸುಟ್ಟ ರಬ್ಬರಿನ ನಾತ ಒಳಗೆ ನುಗ್ಗಿತು. ಗಾಡಿ ಹಿಂದಕ್ಕೆ ಜಾರಿಸಿಕೊಂಡು ಅಂಗಳಕ್ಕೆ ತಂದು ಬಾನೆಟ್ ಎತ್ತಿದರೆ ಬೆಲ್ಟು ಹೊಗೆಯಾಡುತ್ತಿತ್ತು.

ಹಿಂದಿನ ಸಂಜೆ ಅವನು ಒಂದು ಕೆಲಸ ಮಾಡಿದ್ದ. ಬಂದವರೆದುರು ಮೊದಲ ನೆಗೆತ ಇನ್ನಷ್ಟು ಜೋರಾಗಿರಲೆಂದು ವಾಲ್ವಿಗೆ ಬಿಗಿ ಸ್ಪ್ರಿಂಗ್ ಹಾಕಿದ್ದ. "ಇರೋದೇ ಸರಿಯಾಗಿದೆ, ಮುಟ್ಬೇಡ" ಎಂದು ಅಕ್ಕ ಎರಡು ಸಲ ಹೇಳಿದ್ದಳು. ಈಗ ಅಷ್ಟೂ ಕಣ್ಣುಗಳು ಬೆನ್ನಿಗೆ ಚುಚ್ಚುತ್ತಿರುವಾಗ ಅದೇ ನೆನಪಾಗಲಿಲ್ಲ. ಪೈಪು ಹಿಸುಕಿ ನೋಡಿದ, ವೈರು ಎಳೆದು ನೋಡಿದ, ಸುಮ್ಮನೆ ಎಣ್ಣೆಯ ಕಡ್ಡಿ ತೆಗೆದು ಒರೆಸಿದ.

"ಏನಾಗಿರಬಹುದು?" ಮೇಷ್ಟ್ರು ಮೆಲ್ಲನೆ ಕೇಳಿದರು.

ಅವನು ಕಡ್ಡಿಯನ್ನು ಇನ್ನೊಮ್ಮೆ ಒರೆಸಿದ. ಆಗ ಅಕ್ಕ ಗುಂಪಿನ ಅಂಚಿನಿಂದ ಮುಂದೆ ಬಂದಳು.

"ನೀನೇ ನಿನ್ನೆ ಹೇಳ್ತಿದ್ಯಲ್ಲೋ," ಎಂದಳು. "ಈ ಸ್ಪ್ರಿಂಗು ಗಟ್ಟಿಯಾಯ್ತು, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯಲ್ಲ, ಹಳೇದೇ ಹಾಕ್ಬೇಕು ಅಂತ. ತಗೊಂಡು ಬಾ ಅಂತ ನಂಗೆ ಹೇಳಿದ್ದೆ ನೀನು. ನಾನೇ ಮರ್ತೆ, ಹಾಳು ತಲೆ ನಂದು."

ಅವಳ ಅಂಗಿಯ ಜೇಬಿನಲ್ಲಿ ಹಳೆಯ ಸ್ಪ್ರಿಂಗು ಇತ್ತು. ಬೆಳಗಿನಿಂದಲೂ ಇತ್ತೋ ಏನೋ. ಅಂಗೈ ಚಾಚಿ ಕೊಟ್ಟಳು.

"ಹೌದು... ಹೌದು ಸಾರ್. ಹೇಳಿದ್ದೆ," ಎಂದ ಅವನು.

ಸ್ಪ್ರಿಂಗು ಬದಲಾಯಿತು, ಹೊಸ ಬೆಲ್ಟು ಬಿತ್ತು, ಕಾರು ಏರಿನ ತುದಿಯವರೆಗೂ ಉಸಿರೆತ್ತದೆ ಹೋಯಿತು. ಡಾಕ್ಟರು ಚಿಕ್ಕಮಕ್ಕಳಂತೆ ಚಪ್ಪಾಳೆ ಹೊಡೆದರು. ಹೊರಡುವಾಗ ಮೇಷ್ಟ್ರು, "ಶುಕ್ರವಾರ ಕಾಲೇಜಿಗೆ ಬಂದು ನಮ್ಮ ವಿದ್ಯಾರ್ಥಿಗಳಿಗೆ ಇದನ್ನ ವಿವರಿಸ್ತೀರಾ?" ಎಂದರು. ಅವನು ತಲೆಯಾಡಿಸಿದ.

ಅಕ್ಕ ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಮಾತು ಬಿಟ್ಟಿದ್ದರೂ ಆಗುತ್ತಿತ್ತು. ಅವಳು ಎಂದಿನಂತೆ ಊಟಕ್ಕೆ ಕರೆದಳು, ಎಂದಿನಂತೆ "ಇನ್ನೊಂಚೂರು ಹಾಕ್ಕೋ" ಎಂದಳು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಎಂದು ಅಪ್ಪ ಆಗಾಗ ಹೇಳುತ್ತಿದ್ದ. ಆ ಗಾದೆ ತಿರುತಿರುಗಿ ಬಂದು ತಲೆಯೊಳಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಬುಧವಾರ ಸಂಜೆ ನೋಡುತ್ತಾನೆ, ಅಕ್ಕ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳೆ. "ಕಾಲರ್ ಗಟ್ಟಿ ನಿಲ್ಬೇಕು ಕಣೋ, ನಾಲ್ಕು ಜನದ ಮುಂದೆ ನಿಲ್ಲೋನು," ಎಂದಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತುಕೊಂಡ.

ಗುರುವಾರ ಮಧ್ಯಾಹ್ನ ಗ್ಯಾರೇಜಿಗೆ ಚಿಲಕ ಹಾಕಿ ಕಾಲೇಜಿಗೆ ಹೋದ. ಮೇಷ್ಟ್ರು ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಾಗಿಲಲ್ಲೇ ಚೆಲ್ಲಿಹೋಯಿತು.

"ಸಾರ್, ಆ ವಾಲ್ವ್ ನಂದಲ್ಲ. ಅಕ್ಕಂದು. ಚಿತ್ರಾನೂ ಅವಳೇ ಬರೆದಿದ್ದು. ಸ್ಪ್ರಿಂಗ್ ವಿಷ್ಯ ನಾನು ಹೇಳೇ ಇರ್ಲಿಲ್ಲ, ಬೇಡ ಅಂದ್ರೂ ಬದಲಾಯಿಸಿದ್ದು ನಾನು."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. "ಕೂತ್ಕೊಳ್ಳಿ. ಗೊತ್ತಿತ್ತು."

"ಗೊತ್ತಿತ್ತಾ?"

"ಬೆಲ್ಟು ಸುಟ್ಟಾಗ ನೀವು ನಮ್ಮ ಮುಖ ನೋಡಿದ್ರಿ. ನಿಮ್ಮಕ್ಕ ವಾಲ್ವ್ ನೋಡಿದ್ರು."

"ಡಾಕ್ಟರಿಗೆ?"

"ವಾಪಸ್ ಹೋಗ್ತಾ ಮೊದಲು ಮಾತು ತೆಗೆದಿದ್ದೇ ಅವರು." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಅವನ ಮುಖ ನೋಡದೆ ಇರಲಿಕ್ಕೆಂದೇ ಒರೆಸಿದಂತಿತ್ತು. "ಶುಕ್ರವಾರ ಯಾರು ಬರ್ತಾರೆ ಅಂತ ನೋಡ್ತಿದ್ದೆ."

ಕಿವಿಯಿಂದ ಕುತ್ತಿಗೆಯವರೆಗೂ ಕಾದುಹೋಯಿತು. ಹೇಳಿಬಿಟ್ಟರೆ ಹಗುರಾಗುತ್ತೇನೆ ಎಂದುಕೊಂಡು ಬಂದವನು, ನಿಜ ಹೇಳಿಯೂ ಕಳ್ಳನಂತೆ ಮೆಟ್ಟಿಲಿಳಿದ.

ಶೆಡ್ಡಿನಲ್ಲಿ ಅಕ್ಕ ಉದ್ದದ ಕೊಳವೆಯೊಂದನ್ನು ಬೆಂಚಿನ ಮೇಲಿಟ್ಟು ಗರಗಸದಿಂದ ಕೊಯ್ಯುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದರೂ ತಲೆ ಎತ್ತಲಿಲ್ಲ.

"ಎಲ್ಲೋ ಹೋಗಿದ್ದೆ, ಹೇಳದೆ ಕೇಳದೆ?"

"ಕಾಲೇಜಿಗೆ. ಹೇಳ್ಬಿಟ್ಟೆ ಅಕ್ಕ. ಎಲ್ಲಾ."

ಗರಗಸ ಒಂದು ಗಳಿಗೆ ನಿಂತಿತು. "ಏನಂದ್ರು?"

"ಅವರಿಗೆ ಅವತ್ತೇ ಗೊತ್ತಾಗಿತ್ತಂತೆ. ಡಾಕ್ಟರಿಗೂ."

"ಹೂಂ," ಎಂದಳು. "ಮೇಷ್ಟ್ರು ನನ್ನ ಜೇಬು ನೋಡಿದಾಗ್ಲೇ ಅಂದ್ಕೊಂಡೆ."

ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. "ಅಂದ್ರೆ... ಅವರಿಗೆ ಗೊತ್ತು ಅಂತ ನಿಂಗೂ ಗೊತ್ತಿತ್ತಾ? ಮತ್ತೆ ಯಾರಿಗೋಸ್ಕರ ಹಾಗಂದೆ?"

ಅಕ್ಕ ಅಲಗಿನ ಮೇಲಿನ ಪುಡಿಯನ್ನು ಊದಿದಳು.

"ನಾಳೆ ನೀನು ಬರ್ಬೇಕು," ಅವನೆಂದ.

"ಅಯ್ಯೋ, ನಂಗೆ ನಿಂತು ಮಾತಾಡೋಕೆ ಬರಲ್ಲ ಮಾರಾಯ."

"ನಂಗೂ ಬರಲ್ಲ. ಇಷ್ಟು ದಿನ ಆಡಿದ್ದೆಲ್ಲ ನಿನ್ನ ಮಾತೇ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೊಣಕೈಯಿಂದ ಹಣೆಯ ಬೆವರೊರೆಸಿಕೊಂಡು ಗರಗಸ ಸರಿಮಾಡಿಕೊಂಡಳು.

"ಸುಮ್ನೆ ಯಾಕೆ ನಿಂತಿದೀಯ? ಅಲ್ಲಾಡ್ತಿದೆ ನೋಡು. ಆ ತುದಿ ಹಿಡ್ಕೋ."

ಅವನು ಹೋಗಿ ಬಗ್ಗಿ, ಎರಡೂ ಕೈಯಿಂದ ಹಿಡಿದುಕೊಂಡ. ಗರಗಸ ಹೋಗಿ ಬರುವಾಗಿನ ನಡುಕ ಕೊಳವೆಯುದ್ದಕ್ಕೂ ಹಾದು ಅವನ ಅಂಗೈಗೆ ಬರುತ್ತಿತ್ತು. ಕಬ್ಬಿಣದ ಪುಡಿ ಸಣ್ಣಗೆ ಉದುರುತ್ತ ಅಕ್ಕನ ಪಾದದ ಮೇಲೆ ಬೂದಿಯ ಹಾಗೆ ಕೂರುತ್ತಿತ್ತು.